ಅಳತೆಯ ಹಲಗೆ ಹೇಳಿದ ಸುಳ್ಳು

"ಇವನಿಗೆ ಈಜು ಬರುತ್ತೇನೋ?"

"ಬಂದ್ರೂ ಏನು ಕಿಸೀತಾನೆ? ಕೈ ಕಟ್ಟಿದೀವಲ್ಲ!"

ನನ್ನನ್ನು ಸೇತುವೆಯ ಕಂಬಿಯ ಮೇಲೆ ಗೋಣಿಚೀಲದ ಹಾಗೆ ನೇತುಹಾಕಿದ್ದರು. ಹೊಟ್ಟೆಗೆ ಕಬ್ಬಿಣ ಒತ್ತುತ್ತಿತ್ತು. ತಲೆಯ ಹಿಂಭಾಗದಿಂದ ಬಿಸಿಯಾದದ್ದೇನೋ ಕಿವಿಯವರೆಗೆ ಇಳಿಯುತ್ತಿತ್ತು... ರಕ್ತವೇ ಇರಬೇಕು. ಕೆಳಗೆ ಬೆಳಗಿನ ಏಳು ಗಂಟೆಯ ಮಂಜು. ಮಂಜಿನ ಕೆಳಗೆ ನೀರು.

ಕಣ್ಣೆದುರಿಗೆ ಒಂದು ಬೋರ್ಡು ತಲೆಕೆಳಗಾಗಿ ಕಾಣುತ್ತಿತ್ತು.

'ಎಚ್ಚರ! ನೀರಿನ ಆಳ ಎರಡು ಮೀಟರ್.'

ಹಸಿರು ಜಾಕೆಟ್ಟಿನವನೂ ಅದನ್ನು ಓದಿದ. ಓದಿ ನಕ್ಕ.

"ಸಾಕಾಗುತ್ತೆ. ಬಿಡು."

ಬಿಟ್ಟರು!

ಒಂದು ವಿಷಯ ಹೇಳಿಬಿಡುತ್ತೇನೆ, ನಮ್ಮಿಬ್ಬರಲ್ಲೇ ಇರಲಿ. ನನಗೆ ಈಜು ಬರುವುದಿಲ್ಲ. ಕೈ ಬಿಚ್ಚಿದ್ದರೂ ಬರುವುದಿಲ್ಲ.

ನೀರು ಮೂಗಿಗೆ ನುಗ್ಗಿತು. ಕಿವಿಗೆ ನುಗ್ಗಿತು. ಕತ್ತಲೆ. ದೇವರ ಹೆಸರು ಹೇಳೋಣವೆಂದು ಬಾಯಿ ತೆರೆದೆ... ಬಾಯಿಗೂ ನುಗ್ಗಿತು! ಸರಿ, ಮನಸ್ಸಿನಲ್ಲೇ ಹೇಳಿಕೊಂಡೆ. ಅರ್ಧ ಹೆಸರು ಮುಗಿದಿತ್ತು, ಅಷ್ಟೆ.

ಕಾಲಿಗೆ ಕೆಸರು ತಾಗಿತು.

ಕೆಸರನ್ನು ಒದ್ದು ಎದ್ದು ನಿಂತೆ.

ತಲೆ ನೀರಿನಿಂದ ಹೊರಗೆ ಬಂತು!

ನೀರು ಬರೀ ಗದ್ದದವರೆಗೆ. ನಾನು ಎತ್ತರದ ಆಳೇ, ಒಪ್ಪಿದೆ. ಆದರೆ ಎರಡು ಮೀಟರ್ ಇಲ್ಲ.

ಮೇಲೆ ಮಂಜು ನನ್ನನ್ನು ಮುಚ್ಚಿತ್ತು. ಉಸಿರನ್ನು ದಾರದಷ್ಟು ತೆಳ್ಳಗೆ ಬಿಡುತ್ತಾ ಸೇತುವೆಯ ಕಂಬಕ್ಕೆ ಬೆನ್ನು ಕೊಟ್ಟು ನಿಂತೆ. ಮೇಲೆ ಬೂಟಿನ ಸದ್ದು. ಸಿಗರೇಟಿನ ವಾಸನೆ.

"ಹೋದ?"

"ಗುಳ್ಳೆ ನಿಂತಾಯ್ತು. ನಡಿ, ಸಂಜೆ ತನಕ ನಾಯಿಗಳಿಗೆ ಒಂದು ತುತ್ತೂ ಹಾಕ್ಬೇಡ."

ವ್ಯಾನು ಹೊರಟಿತು. ಒಳಗಿದ್ದ ನಾಯಿಗಳು ಬೊಗಳಲಿಲ್ಲ, ಕುಂಯ್‌ಗುಟ್ಟಿದವು. ಬೊಗಳುವ ನಾಯಿಗೆ ನಾನು ಹೆದರುವವನಲ್ಲ. ಆದರೆ ಆ ಸದ್ದಿಗೆ ಬೆನ್ನು ತಣ್ಣಗಾಯಿತು.

ನಾನು ಯಾರು ಎಂದು ಕೇಳುತ್ತೀರಿ. ಮೊದಲು ಪೊಲೀಸು. ಆಮೇಲೆ ಪೊಲೀಸು ಅಲ್ಲ. ಯಾಕೆ ಎಂದು ಕೇಳಬೇಡಿ. ನಮ್ಮ ಮೇಲಧಿಕಾರಿಯ ಮೂಗು ಇವತ್ತಿಗೂ ಸ್ವಲ್ಪ ಎಡಕ್ಕೆ ವಾಲಿದೆ. ಈಗ ಈ ಪ್ರಾಂತ್ಯದ ಪಕ್ಷಿ ಸಂರಕ್ಷಣಾ ಮಂಡಳಿಯಲ್ಲಿದ್ದೇನೆ. ಕಾಗದದಲ್ಲಿ 'ಕ್ಷೇತ್ರ ಸಹಾಯಕ'. ನಿಜವಾಗಿ ಮಾಡುವುದು ಬಲೆ ಹಾಕುವವರ ಬಲೆ ಹರಿಯುವುದು, ಮೊಟ್ಟೆ ಕದಿಯುವವರ ಕೈ ತಿರುಚುವುದು. ಮಂಡಳಿಯ ಸಭೆಯಲ್ಲಿ ಯಾರೂ ಮಾತಾಡದ, ಆದರೆ ಯಾರಾದರೂ ಮಾಡಲೇಬೇಕಾದ ಕೆಲಸ.

ಕೊಡಿಸಿದ್ದು ಅಕ್ಕ. ಒಡಹುಟ್ಟಿದವಳು.

ಅಕ್ಕ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವವಳು. ಹತ್ತೊಂಬತ್ತು ವರ್ಷದಿಂದ ಇದೇ ಜೌಗಿನಲ್ಲಿ. ಜೌಗಿನ ನಡುವೆ ಒಂದು ನಡುಗಡ್ಡೆ. ಅದರ ಮೇಲೆ ಚಮಚದಂಥ ಕೊಕ್ಕಿನ ಬಿಳಿ ಕೊಕ್ಕರೆಗಳು ನೆಲದ ಮೇಲೆಯೇ ಗೂಡು ಕಟ್ಟುತ್ತವೆ. ಈ ಸಲ ನಾನೂರ ಹನ್ನೆರಡು ಗೂಡು. ಮರಿಗಳು ಹಾರಲು ಇನ್ನೂ ಹನ್ನೆರಡು ದಿನ ಬೇಕು.

ನೆಲದ ಮೇಲಿನ ಗೂಡಿಗೆ ಬೇಲಿ ಯಾವುದು? ನೀರು. ಅದೊಂದೇ.

ಮಾರನೆಯ ಬೆಳಿಗ್ಗೆ ಒಂಬತ್ತು ಗಂಟೆಗೆ ಸರ್ಕಾರಿ ಆಯೋಗದವರು ಬಂದು ಗೂಡು ಎಣಿಸಬೇಕಿತ್ತು. ಗೂಡಿನಲ್ಲಿ ಜೀವ ಇದ್ದರೆ ಈ ಜೌಗು ಇನ್ನು ಇಪ್ಪತ್ತೈದು ವರ್ಷ ಹಕ್ಕಿಗಳದ್ದು. ಇಲ್ಲವಾದರೆ ಒಂದು ಕಂಪನಿಯದ್ದು. ಅವರು ಮಣ್ಣು ಸುರಿದು ಲಾರಿ ನಿಲ್ಲಿಸುವ ಅಂಗಳ ಮಾಡುತ್ತಾರೆ.

ಅದಕ್ಕೇ ನಾನು ಅವತ್ತು ಬೆಳಿಗ್ಗೆ ಏರಿಯ ಮೇಲೆ ಸುತ್ತು ಹಾಕುತ್ತಿದ್ದೆ. ಹಳೆಯ ದೋಣಿ ಶೆಡ್ಡಿನ ಹಿಂದೆ ವ್ಯಾನು ಕಂಡಿತು. ಒಳಗೆ ಬಗ್ಗಿ ನೋಡಿದೆ. ತಂತಿಬೋನುಗಳು. ಹನ್ನೊಂದು ನಾಯಿ. ಒಂದೊಂದರ ಪಕ್ಕೆಲುಬನ್ನೂ ಎಣಿಸಬಹುದಿತ್ತು.

"ಯಾರಪ್ಪಾ ಇಷ್ಟೊಂದು ನಾಯಿ ಸಾಕಿರೋರು?" ಎಂದೆ.

ಉತ್ತರ ತಲೆಯ ಹಿಂಭಾಗಕ್ಕೆ ಬಂತು!

* * *

ಕಂಬದ ಚೂಪು ಕಲ್ಲಿಗೆ ಉಜ್ಜಿ ಉಜ್ಜಿ ಹಗ್ಗ ಹರಿಯಲು ಅರ್ಧ ಗಂಟೆ ಹಿಡಿಯಿತು. ಜೊಂಡು ಹಿಡಿದುಕೊಂಡು ದಡ ಹತ್ತಿದೆ. ಓಡಿದೆ.

ಅಕ್ಕ ಹಕ್ಕಿ ನೋಡುವ ಮರದ ಗುಡಿಸಲಿನಲ್ಲಿದ್ದಳು. ದುರ್ಬೀನಿಗೆ ಕಣ್ಣಂಟಿಸಿ ಕೂತವಳು ತಿರುಗಿಯೂ ನೋಡಲಿಲ್ಲ.

"ತಮ್ಮಾ, ಬಾ ಬಾ! ಕಣ್ಣಿಡು ಇಲ್ಲಿ. ಅಜ್ಜಿ ನಿಂತಿದಾಳೆ! ಕೆಳಗಿನ ಉಂಗುರ ಓದಿದೆ ಕಣೋ... ಏಳು, ಸೊನ್ನೆ, ನಾಲ್ಕು! ನಾನು ಮೊದಲ ವರ್ಷ ಹಾಕಿದ್ದು!"

ಅಜ್ಜಿ ಎಂದರೆ ಮುದಿ ಕೊಕ್ಕರೆ.

"ಅಕ್ಕಾ..."

"ಈ ವಾರ ಎಷ್ಟು ನಂಬರ್ ಸಿಕ್ಕಿದೆ ಗೊತ್ತಾ? ತೊಂಬತ್ತಾರು! ಹೋದ ವರ್ಷ ಇಡೀ ಸೀಸನ್ನಿಗೆ ಹನ್ನೊಂದು. ದೇವರು ಕಣ್ಣು ಬಿಟ್ಟಿದಾನೆ ಕಣೋ!"

ಆಗ ತಿರುಗಿದಳು. ನೋಡಿದಳು. ಕೈಯಲ್ಲಿದ್ದ ಪೆನ್ಸಿಲ್ ಬಿತ್ತು.

"ಅಯ್ಯೋ! ಏನಾಯ್ತೋ?"

"ಸೇತುವೆಯಿಂದ ಎಸೆದರು. ಕೈ ಕಟ್ಟಿ."

"ಕೈ ಕಟ್ಟಿದ್ರೂ ಈಜಿ ಬಂದ್ಯಾ!" ಅವಳ ಕಣ್ಣಿನಲ್ಲಿ ನೀರು. ಜೊತೆಗೆ ಒಂದಿಷ್ಟು ಹೆಮ್ಮೆ. ಚಿಕ್ಕವನಿದ್ದಾಗ ನನಗೆ ಈಜು ಕಲಿಸಿದವಳು ಅವಳೇ. ಮೂರನೆಯ ದಿನ 'ಕಲಿತೆ' ಎಂದು ಸುಳ್ಳು ಹೇಳಿ ಓಡಿಹೋದವನು ನಾನು.

"ಹೂಂ," ಎಂದೆ. "ಆದ್ರೆ ಕಾಲು ನೆಲಕ್ಕೆ ತಾಗ್ತು ಅಕ್ಕಾ."

"ಎಲ್ಲಿ? ಸೇತುವೆ ಹತ್ರವಾ? ಸಾಧ್ಯಾನೇ ಇಲ್ಲ."

"ತಾಗ್ತು. ನಿಂತ್ಕೊಂಡಿದ್ದೆ."

ಅಕ್ಕ ಪುಸ್ತಕ ತಿರುವಿದಳು. ದಿನವೂ ಬೆಳಿಗ್ಗೆ ಅಳತೆಯ ಹಲಗೆ ನೋಡಿ ನೀರಿನ ಮಟ್ಟ ಬರೆಯುವ ಪುಸ್ತಕ. ಹತ್ತೊಂಬತ್ತು ವರ್ಷದಲ್ಲಿ ಒಂದು ದಿನವೂ ತಪ್ಪಿಸಿಲ್ಲ. ಜ್ವರವಿದ್ದಾಗ ಕಂಬಳಿ ಹೊದ್ದು ಬಂದು ಬರೆದಿದ್ದಾಳೆ.

"ನೋಡು. ನೂರ ನಲವತ್ತು. ನೂರ ಮೂವತ್ತೆಂಟು. ನೂರ ನಲವತ್ತು... ಮೂರು ವಾರದಿಂದ ಅಲ್ಲಾಡಿಲ್ಲ."

ನಾನು ದುರ್ಬೀನಿಗೆ ಕಣ್ಣಿಟ್ಟೆ.

ಮಂಜು ಹರಿಯುತ್ತಿತ್ತು. ಯಾವಾಗಲೂ ಮುಳುಗಿರುವ ಕಲ್ಲುಕಟ್ಟೆಯ ಮೇಲೆ ಕೊಕ್ಕರೆಗಳು ಸಾಲಾಗಿ ನಿಂತಿದ್ದವು, ಬಿಳಿ ಪಂಚೆ ಉಟ್ಟ ಹಿರಿಯರ ಹಾಗೆ. ಅವು ಮರಿಗಳಿಗೆ ಉಣಿಸಿ ದಣಿವಾರಿಸಿಕೊಳ್ಳುವುದು ಅಲ್ಲೇ. ಪ್ರತಿ ಹಕ್ಕಿಗೂ ಮಂಡಿಯ ಮೇಲೊಂದು ಬಣ್ಣದ ಉಂಗುರ, ಪಾದದ ಹತ್ತಿರ ಒಂದು ನಂಬರಿನ ಉಂಗುರ. ನಂಬರಿನದು ನೀರಿನಲ್ಲೇ ಇರುತ್ತದೆ. ಅದನ್ನು ಓದಬೇಕಾದರೆ ಅಕ್ಕ ಕಾಯಬೇಕು... ಹಕ್ಕಿ ಕಾಲೆತ್ತಿ ಮೈ ಕೆರೆದುಕೊಳ್ಳುವವರೆಗೆ.

ಈಗ ಯಾವ ಹಕ್ಕಿಯೂ ಕಾಲೆತ್ತಿರಲಿಲ್ಲ. ಎಲ್ಲ ಉಂಗುರಗಳೂ ಹೊರಗಿದ್ದವು. ಫಳಫಳ ಹೊಳೆಯುತ್ತಿದ್ದವು.

"ಅಕ್ಕಾ... ಕಟ್ಟೆ ಮುಳುಗಿಲ್ಲ."

ಅವಳು ನನ್ನನ್ನು ಪಕ್ಕಕ್ಕೆ ತಳ್ಳಿ ನೋಡಿದಳು. ಬಹಳ ಹೊತ್ತು ನೋಡಿದಳು. ಮುಖದಲ್ಲಿದ್ದ ಹಬ್ಬ ಇಳಿದುಹೋಯಿತು.

"ನಾನು ಖುಷಿಪಟ್ಟೆ ಕಣೋ," ಎಂದಳು ಮೆಲ್ಲಗೆ. "ಮೂರು ವಾರ ಖುಷಿಪಟ್ಟೆ. ಯಾಕೆ ಕಾಣಿಸ್ತಿದೆ ಅಂತ ಒಂದು ಸಲಾನೂ ಕೇಳ್ಕೊಳ್ಳಲಿಲ್ಲ."

ಇಬ್ಬರೂ ಅಳತೆಯ ಹಲಗೆಗೆ ಓಡಿದೆವು. ಓಡುತ್ತಲೇ ಹಸಿದ ನಾಯಿಗಳ ವಿಷಯವನ್ನೂ ಹೇಳಿದೆ.

ಹಲಗೆ ಕಂಬದ ಮೇಲಿತ್ತು. ನೀರು ಸರಿಯಾಗಿ ನೂರ ನಲವತ್ತರ ಗೆರೆಯಲ್ಲಿತ್ತು. ಅನುಮಾನಕ್ಕೆ ಎಡೆಯೇ ಇಲ್ಲ.

ಆದರೆ ಹಲಗೆಯ ಮೇಲುಗಡೆ ಕಂಬದ ಮರ ಬಿಳಿಚಿಕೊಂಡಿತ್ತು. ಗಡಿಯಾರ ಬಿಚ್ಚಿದ ಮಣಿಕಟ್ಟಿನ ಹಾಗೆ. ಸುಮಾರು ಒಂದು ಮೊಳ.

ಯಾರೋ ನೀರು ಇಳಿಸುತ್ತಿದ್ದರು. ನೀರಿನ ಜೊತೆ ಹಲಗೆಯನ್ನೂ ಇಳಿಸುತ್ತಿದ್ದರು. ಎರಡು ದಿನಕ್ಕೊಮ್ಮೆ ಎರಡೆರಡು ಬೆರಳು. ದಡವನ್ನು ಜೊಂಡು ಮುಚ್ಚಿಕೊಂಡಿದೆ, ಕಣ್ಣಿಗೆ ಹತ್ತುವುದಿಲ್ಲ. ನಡುಗಡ್ಡೆಗೆ ದಾಟುವ ಜಾಗದಲ್ಲಿ ಈಗ ನೀರು ಪಾದ ಮುಳುಗುವಷ್ಟು ಮಾತ್ರ. ನಾಯಿ ನಡೆದುಕೊಂಡು ಹೋಗಬಹುದು. ನಾಯಿ ತಿಂದರೆ ಯಾರ ಮೇಲೆ ಕೇಸು? ಬೇಸಿಗೆ, ನೀರು ಇಳಿಯಿತು, ಬೀದಿನಾಯಿ ಬಂತು... ದೇವರ ಮೇಲೆ ಹಾಕಿ ಕೈತೊಳೆದುಕೊಳ್ಳುತ್ತಾರೆ!

ಹಲಗೆಯ ಬೋಲ್ಟು ನೋಡಿದೆ. ಮೂರು ಮೂಲೆಯ ತಲೆ. ಎಲ್ಲರ ಬಳಿ ಇರುವ ಸ್ಪ್ಯಾನರಿಗೆ ಬಗ್ಗುವುದಿಲ್ಲ. ಮಂಡಳಿಯೇ ಮಾಡಿಸಿದ್ದು. ಅದರ ಕೀಲಿ ಇರುವುದು ಎರಡೇ.

ಒಂದು ಅಕ್ಕನ ಕೊರಳಲ್ಲಿ ನೇತಾಡುತ್ತಿತ್ತು.

"ಏನೋ ಹಾಗೆ ನೋಡ್ತಿದೀಯ?"

"ಪೊಲೀಸ್ ಬುದ್ಧಿ ಅಕ್ಕಾ. ಕೆಲಸ ಹೋದ್ರೂ ಬುದ್ಧಿ ಹೋಗಿಲ್ಲ."

ಅವಳು ಬೈಯಲಿಲ್ಲ. ಕೊರಳಿಂದ ಕೀಲಿ ತೆಗೆದು ನನ್ನ ಅಂಗೈಗೆ ಹಾಕಿದಳು. ತುಕ್ಕು. ಮೂರು ಮೂಲೆಯೂ ಸವೆದುಹೋಗಿತ್ತು. ಬೋಲ್ಟಿಗೆ ಕೂರಲೇ ಇಲ್ಲ. ಬೋಲ್ಟಿನ ತಲೆಯಲ್ಲಾದರೋ ಹೊಸ ಎಣ್ಣೆ ಮಿಂಚುತ್ತಿತ್ತು.

"ಇನ್ನೊಂದು ಕೀಲಿ ಯಾರ ಹತ್ರ ಅಕ್ಕಾ?"

ಅವಳು ಬೋಲ್ಟಿನ ಎಣ್ಣೆಯನ್ನು ಬೆರಳಿನಿಂದ ಒರೆಸಿದಳು.

"ಕಾರ್ಯದರ್ಶಿಗಳ ಹತ್ರ. ಪಾಪ, ದಿನ ಬಿಟ್ಟು ದಿನ ಬರ್ತಿದ್ರು ಕಣೋ. ನನಗೆ ಫ್ಲಾಸ್ಕಿನಲ್ಲಿ ಕಾಫಿ ತರ್ತಿದ್ರು. 'ನೀನು ಕುಡೀತಿರಮ್ಮಾ, ನಾನು ಹಲಗೆ ನೋಡ್ಕೊಂಡು ಬರ್ತೀನಿ' ಅಂತ..."

ಕಾಫಿ!

"ಕೆಳಗಿನ ತೂಬು ನೋಡು," ಎಂದೆ. "ನಾಲ್ಕು ಬೆರಳು ಎತ್ತಿರ್ತಾರೆ. ಮುಚ್ಚು."

"ಮುಚ್ಚಿದ್ರೆ ಇಳಿಯೋದು ನಿಲ್ಲುತ್ತೆ, ಅಷ್ಟೇ. ಏರಲ್ಲ. ಮೇಲಿನ ಕೆರೆ ಗೇಟು ಎತ್ತಬೇಕು."

"ಎತ್ತೋಣ."

"ಅದರ ಹಿಡಿಕೆ ಇಲ್ಲ. ಹೋದ ವಾರ ರಿಪೇರಿಗೆ ಅಂತ ಆಫೀಸಿಗೆ ತಗೊಂಡು ಹೋದ್ರು."

ಯಾರು ಎಂದು ನಾನು ಕೇಳಲಿಲ್ಲ.

* * *

ಮಂಡಳಿಯ ಆಫೀಸು ಪಟ್ಟಣದಲ್ಲಿ, ಅಂಚೆ ಕಚೇರಿಯ ಮೇಲಿನ ಮಹಡಿ. ಹತ್ತು ಗಂಟೆ. ಮೆಟ್ಟಿಲಿನುದ್ದಕ್ಕೂ ನನ್ನ ಪ್ಯಾಂಟಿನಿಂದ ನೀರು ತೊಟ್ಟಿಕ್ಕಿತು.

ಕಾರ್ಯದರ್ಶಿ ಮೆತ್ತನೆಯ ಮನುಷ್ಯ. ಮಾತು ಮೆತ್ತಗೆ, ನಡೆಯೂ ಮೆತ್ತಗೆ. ಮೂವತ್ತು ವರ್ಷದಿಂದ ಈ ಪ್ರಾಂತ್ಯದ ಹಕ್ಕಿಗಳಿಗಾಗಿ ಜೀವ ತೇದವರು. ಒಬ್ಬರೇ ಇದ್ದರು. ಗೋಡೆಯ ನಕ್ಷೆಯಲ್ಲಿ ನಾಲ್ಕು ಜೌಗುಗಳಿಗೆ ನಾಲ್ಕು ನೀಲಿ ಪಿನ್ನು.

ಮೂರು ಪಿನ್ನು ಹೊಸದು. ಒಂದರ ತಲೆ ಕಿತ್ತಿತ್ತು.

"ಬಾಪ್ಪಾ, ಕೂತ್ಕೋ. ಇದೇನು ಹೀಗೆ ಒದ್ದೆ?"

"ನಿಮ್ಮದೇ ನೀರು ಸಾರ್."

ಅವರು ಕನ್ನಡಕ ತೆಗೆದರು. ಬಾಗಿಲ ಹಿಂದೆ ಕೊಡೆ ಇಡುವ ಡಬ್ಬಿ. ಎರಡು ಕೊಡೆ. ನಡುವೆ ಮೂರನೆಯದು... ಕೊಡೆಯಲ್ಲ. ಮೊಳಕೈಯಂತೆ ಬಾಗಿದ ಕಬ್ಬಿಣದ ಹಿಡಿಕೆ!

ಎತ್ತಿಕೊಂಡೆ. ಭಾರವಾಗಿತ್ತು. ಹಿತವಾಗಿಯೂ ಇತ್ತು.

"ರಿಪೇರಿ ಆಯ್ತಾ ಸಾರ್?"

ಅವರು ಕೂಗಾಡಲಿಲ್ಲ, ಫೋನಿಗೆ ಕೈಹಾಕಲಿಲ್ಲ. ಎದ್ದು ನಕ್ಷೆಯ ಮುಂದೆ ನಿಂತರು.

"ಮೂರು ಉಳಿಸ್ದೆನಪ್ಪಾ. ಕಂಪನಿಯೋರು ನಾಲ್ಕಕ್ಕೂ ಕೈ ಹಾಕಿದ್ರು. ಒಂದು ಬಿಡಿ, ಮೂರರ ತಂಟೆಗೆ ಬರಲ್ಲ ಅಂದ್ರು. ಆ ಮೂರರಲ್ಲಿ ಎಷ್ಟು ಸಾವಿರ ಹಕ್ಕಿ ಇದೆ ಗೊತ್ತಾ ನಿನಗೆ? ಒಂದು ಕೊಟ್ಟೆ. ತಪ್ಪಾ? ನೀನೇ ಹೇಳು."

"ನನಗೆ ಗಣಿತ ಬರಲ್ಲ ಸಾರ್."

"ನನಗಾಗಿ ಒಂದು ಕಡ್ಡಿ ತಗೊಂಡಿಲ್ಲ! ದೇವರಾಣೆ!"

"ಅದು ಗೊತ್ತಾಗ್ತಿದೆ. ಅದಕ್ಕೇ ಭಯ ಆಗ್ತಿದೆ."

ಲಂಚ ತಿಂದವನಾದರೆ ನನಗೆ ಸುಲಭ. ಕಾಲರ್ ಹಿಡಿಯುತ್ತೇನೆ, ಗೋಡೆಗೆ ಒರಗಿಸುತ್ತೇನೆ, ಮುಗಿಯಿತು. ಈ ಮನುಷ್ಯ ಮೂವತ್ತು ವರ್ಷ ಪ್ರಾರ್ಥನೆ ಮಾಡಿ, ಕೊನೆಗೆ ದೇವರ ಪರವಾಗಿ ತಾನೇ ತೀರ್ಪು ಬರೆದುಬಿಟ್ಟಿದ್ದ. ಅಂಥವರ ಕಾಲರ್ ಎಲ್ಲಿ ಹಿಡಿಯುವುದು?

"ನೀರು ಇಳಿದ್ರೆ ಹಕ್ಕಿಗಳೇ ಎದ್ದು ಬೇರೆ ಕಡೆ ಹೋಗ್ತವೆ," ಎಂದರು. "ಮುಂದಿನ ವರ್ಷ ಅಲ್ಲೇ ಕಟ್ಟುತ್ವೆ."

"ಮೂವತ್ತು ವರ್ಷ ಹಕ್ಕಿ ನೋಡಿದೋರು ನೀವು. ಮರಿ ಬಿಟ್ಟು ಏಳ್ತವಾ ಸಾರ್?"

ಕಿಟಕಿಯ ಕಡೆ ತಿರುಗಿದರು.

"ನಾಯಿ ಬಗ್ಗೆ ಹೇಳಿದ್ರಾ ನಿಮಗೆ?"

"ಯಾವ ನಾಯಿ?"

"ಹನ್ನೊಂದು. ಮೂರ್ನಾಲ್ಕು ದಿನದಿಂದ ಉಪವಾಸ. ಇವತ್ತು ಸಂಜೆ ನಡುಗಡ್ಡೆಗೆ ಬಿಡ್ತಾರೆ."

ನಾನು ಎರಡೂ ಮಣಿಕಟ್ಟು ಮುಂದೆ ಚಾಚಿದೆ. ಹಗ್ಗದ ಗುರುತಿನಲ್ಲಿ ಇನ್ನೂ ರಕ್ತ ಒಸರುತ್ತಿತ್ತು.

"ಇದರ ಬಗ್ಗೆ?"

"ಏನದು?"

"ಕಟ್ಟಿ ಸೇತುವೆಯಿಂದ ಎಸೆದ್ರು. ನೀವು ನೀರು ಇಳಿಸಿದ್ರಲ್ಲ, ಅದಕ್ಕೆ ಬದುಕಿದೆ. ನಿಮಗೊಂದು ಥ್ಯಾಂಕ್ಸ್ ಹೇಳೋಣ ಅಂತಾನೂ ಬಂದೆ."

ಕುರ್ಚಿ ಹುಡುಕಿಕೊಂಡು ಕೂತರು. ಕೂತವರು ಒಂದೇ ಕ್ಷಣದಲ್ಲಿ ಹತ್ತು ವರ್ಷ ಮುದುಕರಾದರು.

"ಮನುಷ್ಯರನ್ನ... ಹಾಗಂತ ನನಗೆ ಹೇಳಿರಲಿಲ್ಲ ಕಣಪ್ಪಾ..."

"ಏಳಿ ಸಾರ್. ಗೇಟು ಎತ್ತೋದಕ್ಕೆ ಎರಡು ಕೈ ಸಾಲಲ್ಲ."

* * *

ಮೇಲಿನ ಕೆರೆ ಜೌಗಿನಿಂದ ನಾಲ್ಕು ಕಿಲೋಮೀಟರ್. ಆ ಋತುವಿನಲ್ಲಿ ಅಲ್ಲಿ ಗೂಡಿಲ್ಲ, ಬರೀ ನೀರು. ಹಿಡಿಕೆ ಸಿಕ್ಕಿಸಿದೆವು. ತುಕ್ಕು ಹಿಡಿದ ಗೇಟು ಕಿರುಚಿತು. ಒಂದು ಸುತ್ತು... ಎರಡು... ಕಾರ್ಯದರ್ಶಿಗಳ ಮೆತ್ತನೆಯ ಅಂಗೈಯಲ್ಲಿ ಗುಳ್ಳೆ ಎದ್ದು ಒಡೆಯಿತು. ನಿಲ್ಲಿಸಲಿಲ್ಲ. ಹನ್ನೆರಡನೆಯ ಸುತ್ತಿಗೆ ನೀರು ಗುಡುಗಿಕೊಂಡು ಹೊರಬಿತ್ತು.

"ಜೌಗು ಮುಟ್ಟೋದಕ್ಕೆ ಎರಡು ಗಂಟೆ," ಎಂದರು ಏದುತ್ತಾ. "ಸಂಜೆಯೊಳಗೆ ತುಂಬುತ್ತೆ. ದೇವರು ದೊಡ್ಡವನು."

ನಾನು ಬಗ್ಗಿ ಬೂಟಿನ ನೀರು ಚೆಲ್ಲುತ್ತಿದ್ದೆ. ತಲೆ ಎತ್ತುವಷ್ಟರಲ್ಲಿ ಅವರ ಕಿವಿಯಲ್ಲಿ ಫೋನು!

"ನಿಲ್ಲಿಸಿ ಎಲ್ಲ... ಸಾಕು... ಆ ಹುಡುಗ ಬದುಕಿದಾನೆ. ಎಲ್ಲ ಗೊತ್ತಾಗಿದೆ. ನೀರು ಬಿಟ್ಟಾಯ್ತು..."

ಕಿತ್ತುಕೊಂಡೆ. ಆ ಕಡೆಯ ದನಿ ತಣ್ಣಗಿತ್ತು. ಹಸಿರು ಜಾಕೆಟ್ಟು.

"ಓಹೋ. ಹಾಗಾದ್ರೆ ಸಂಜೆ ತನಕ ಕಾಯೋದು ಬೇಡ ಅಂತೀರಿ. ಉಪಕಾರ ಆಯ್ತು ಯಜಮಾನ್ರೇ."

ಕಟ್!

"ನಿಲ್ಲಿಸ್ತಾರೆ ಅಂತ..." ಎಂದರು ಕಾರ್ಯದರ್ಶಿ. ಮುಖ ಮಗುವಿನ ಹಾಗಿತ್ತು. "ಕೇಳಿಕೊಂಡ್ರೆ ನಿಲ್ಲಿಸ್ತಾರೆ ಅಂತ..."

ಫೋನನ್ನು ಅವರ ಕೈಗೇ ತುರುಕಿದೆ. ಮಂಡಳಿಯ ಪಿಕಪ್ ಹತ್ತಿದೆ. ಒಂದು ಕೈಯಲ್ಲಿ ಸ್ಟೀರಿಂಗು, ಇನ್ನೊಂದರಲ್ಲಿ ಗಾಡಿಯಲ್ಲೇ ಬಿಟ್ಟಿದ್ದ ನನ್ನ ಫೋನು.

"ಅಕ್ಕಾ! ನಾಯಿ ಈಗಲೇ ಬಿಡ್ತಾರೆ! ನೀರು ಬರೋದು ಎರಡು ಗಂಟೆ ಆಗುತ್ತೆ!"

ಆ ಕಡೆಯಿಂದ ಅಕ್ಕನ ದನಿ. ತಟ್ಟೆ ಹಾಕಿ ಊಟಕ್ಕೆ ಕರೆಯುವವಳ ದನಿ.

"ಹಸಿದಿವೆ ಅಂದ್ಯಲ್ಲ?"

"ಹೂಂ!"

"ಸರಿ. ಬಾ ನೀನು."

ಏರಿಯ ಮೇಲಿನ ದಾರಿ ಒಂದು ಗಾಡಿಗೆ ಮಾತ್ರ. ಒಂದು ಕಡೆ ಕಾಲುವೆ, ಇನ್ನೊಂದು ಕಡೆ ಜೊಂಡು. ಅರ್ಧ ದಾರಿಯಲ್ಲಿ ವ್ಯಾನಿನ ಬೆನ್ನು ಕಂಡಿತು. ಹಾರ್ನ್ ಹೊಡೆದೆ. ಹಿಂಬದಿಗೆ ಗುದ್ದಿದೆ! ವ್ಯಾನು ಓಲಾಡಿತು, ಬೀಳಲಿಲ್ಲ. ಹಸಿರು ತೋಳೊಂದು ಕಿಟಕಿಯಿಂದ ಹೊರಬಂತು. ತೋಳಿನ ತುದಿಗೆ ಪಿಸ್ತೂಲು.

ಢಂ!

ಗಾಜು ಪುಡಿಯಾಗಿ ಮಡಿಲಿಗೆ ಬಿತ್ತು. ಬಗ್ಗಿದೆ. ಬಗ್ಗಿದವನಿಗೆ ದಾರಿ ಎಲ್ಲಿ ಕಾಣಬೇಕು? ಪಿಕಪ್ ಜೊಂಡಿಗೆ ನುಗ್ಗಿ ನಿಂತಿತು.

ಹಿಡಿಕೆಯನ್ನೂ ಸೀಟಿನ ಹಿಂದಿದ್ದ ಹಗ್ಗದ ಸುರುಳಿಯನ್ನೂ ಎತ್ತಿಕೊಂಡು ಓಡಿದೆ. ಇನ್ನೂರು ಹೆಜ್ಜೆ. ಅಷ್ಟರಲ್ಲಿ ಬೋನಿನ ಬಾಗಿಲುಗಳು ತೆರೆದುಕೊಂಡ ಸದ್ದು ಕೇಳಿತು.

ಒಂದಾದ ಮೇಲೊಂದು. ಹನ್ನೊಂದು ಸಲ.

ತಿರುವು ದಾಟಿದವನು ಹಾಗೇ ನಿಂತುಬಿಟ್ಟೆ.

ನಡುಗಡ್ಡೆಗೆ ದಾಟುವ ಜಾಗ. ನೀರು ಇನ್ನೂ ಪಾದದಷ್ಟೇ. ಆಚೆ ದಡದಲ್ಲಿ ನಾನೂರ ಹನ್ನೆರಡು ಗೂಡು. ಮರಿಗಳು ತಾಯಂದಿರಿಗಾಗಿ ಚೀರುತ್ತಿದ್ದವು. ಈಚೆ ದಡದಲ್ಲಿ ಅಕ್ಕ. ಒಬ್ಬಳೇ. ಅವಳ ಮುಂದೆ ಎರಡು ದೊಡ್ಡ ನೀಲಿ ಡ್ರಮ್ಮು ಉರುಳಿಬಿದ್ದಿತ್ತು. ತಬ್ಬಲಿ ಮರಿಗಳಿಗೆಂದು ಇಟ್ಟಿದ್ದ ಮೀನು! ಬೆಳ್ಳಗೆ, ಏರಿಯುದ್ದಕ್ಕೂ ಚೆಲ್ಲಿತ್ತು.

ನಾಯಿಗಳು ತಲೆ ಎತ್ತುತ್ತಿರಲಿಲ್ಲ. ತಿನ್ನುತ್ತಿದ್ದವು.

"ಹಸಿದ ಪ್ರಾಣಿ ತಮ್ಮಾ," ಎಂದಳು ಅಕ್ಕ. ಖಾಲಿ ಡ್ರಮ್ಮನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದಳು. "ಅವಕ್ಕೆ ಹಕ್ಕಿ ಮೇಲೆ ಏನು ದ್ವೇಷ?"

ಡ್ರೈವರ್ ವ್ಯಾನಿನ ಪಕ್ಕದಲ್ಲಿ ಬಾಯಿ ತೆರೆದು ನಿಂತಿದ್ದ. ಹಸಿರು ಜಾಕೆಟ್ಟು ನನ್ನನ್ನು ನೋಡಿತು.

"ನೀನು... ನಿಜವಾಗ್ಲೂ ಬದುಕಿದ್ಯಾ!"

"ನೀರು ಸಾಲಲಿಲ್ಲ ಗುರೂ."

ಪಿಸ್ತೂಲು ನನ್ನ ಎದೆಗೆ ತಿರುಗಿತು. "ಆ ಕಬ್ಬಿಣ ಕೆಳಗೆ ಹಾಕು."

ಹಾಕಿದೆ. ಆಗಾಗ ದೇವರಿಗೂ ಒಂದು ಅವಕಾಶ ಕೊಡಬೇಕು.

ಎಲ್ಲಕ್ಕಿಂತ ದೊಡ್ಡ ಕರಿನಾಯಿಯ ಕೊರಳಿಗೆ ಅವನು ಹಗ್ಗ ಬಿಗಿದ. ಎಳೆದ. "ಒಂದು ದಾಟಿದ್ರೆ ಎಲ್ಲವೂ ದಾಟ್ತವೆ. ನೀರು ಎಷ್ಟಿದೆ ಅಂತ ನಮಗೂ ಗೊತ್ತಮ್ಮಾ."

ನೀರಿಗೆ ಇಳಿದ. ಒಂದು ಹೆಜ್ಜೆ, ಎರಡು ಹೆಜ್ಜೆ. ನಾಯಿ ಹಿಂದಕ್ಕೆ ಜಗ್ಗುತ್ತಿತ್ತು. ಇವನು ಮುಂದಕ್ಕೆ ಜಗ್ಗುತ್ತಿದ್ದ. ಕಣ್ಣು ನಮ್ಮ ಮೇಲೆ, ಪಿಸ್ತೂಲು ನಮ್ಮ ಮೇಲೆ... ಮುಂದೆ ಎಲ್ಲಿ ಕಾಲಿಡುತ್ತಿದ್ದಾನೆ ಎಂದು ನೋಡಲು ಮೂರನೆಯ ಕಣ್ಣಿಲ್ಲ.

ಅಕ್ಕ ಮೇಲಿನ ಕೆರೆಯ ದಿಕ್ಕಿಗೆ ಕಿವಿಗೊಟ್ಟಳು.

"ತಮ್ಮಾ," ಎಂದು ಉಸುರಿದಳು. "ಎರಡು ಗಂಟೆ ಅಂದವರು ಯಾರು?"

"ಕಾರ್ಯದರ್ಶಿ."

"ಅದು ತುಂಬೋದಕ್ಕೆ. ಮೊದಲ ನೀರು ಅರ್ಧ ಗಂಟೆಗೇ ಬರುತ್ತೆ."

ಜೊಂಡು ಅಲ್ಲಾಡಿತು. ಗಾಳಿ ಇರಲಿಲ್ಲ. ಆದರೂ ಅಲ್ಲಾಡಿತು, ಸಾಲುಸಾಲಾಗಿ, ಯಾರೋ ಕೈಯಾಡಿಸಿಕೊಂಡು ಬರುತ್ತಿರುವ ಹಾಗೆ. ಆಮೇಲೆ ಕಂದು ಬಣ್ಣದ ನೀರು. ದೊಡ್ಡ ಅಲೆಯೇನಲ್ಲ, ಮೊಣಕಾಲೆತ್ತರ. ಆದರೆ ನಿಲ್ಲದ ನೀರು.

ಹಸಿರು ಜಾಕೆಟ್ಟು ಕೆಳಗೆ ನೋಡುವಷ್ಟರಲ್ಲಿ ಮೊಣಕಾಲು ಮುಳುಗಿತ್ತು. ಕೆಸರು ಜಾರಿತು. ಪಿಸ್ತೂಲು ಹಾರಿತು. ಮನುಷ್ಯ ಬಿದ್ದ! ನೀರು ಅವನನ್ನು ಉರುಳಿಸಿಕೊಂಡು ಆಳದ ಕಾಲುವೆಯ ಕಡೆ ಎಳೆಯಿತು. ಕರಿನಾಯಿ ಹಗ್ಗ ಕಿತ್ತುಕೊಂಡು ಈಜಿ ದಡಕ್ಕೆ ಬಂತು, ಮೈಕೊಡವಿ ಮತ್ತೆ ಮೀನಿಗೆ ಬಾಯಿ ಹಾಕಿತು. ಹೊಟ್ಟೆ ತುಂಬುತ್ತಿರುವಾಗ ಹರಿವಿಗೆ ಎದುರಾಗಿ ಈಜುವ ಹುಚ್ಚು ನಾಯಿಗಿಲ್ಲ.

"ಈಜು ಬರಲ್ಲಾ! ಅಯ್ಯೋ... ಈಜು ಬರಲ್ಲಾ!"

ಪಕ್ಕದಲ್ಲೇ ಕಾಲುವೆಯ ಮೇಲಿದ್ದ ಸೇತುವೆಯ ಕಂಬವನ್ನು ತಬ್ಬಿಕೊಂಡಿದ್ದ. ನನ್ನದೇ ಕಂಬ. ಬೆಳಿಗ್ಗೆ ನನಗೆ ಗದ್ದದವರೆಗಿದ್ದ ನೀರು ಅವನ ಮೂಗು ಮುಟ್ಟುತ್ತಿತ್ತು. ಇನ್ನೂ ಏರುತ್ತಿತ್ತು.

ಅಕ್ಕ ನನ್ನ ಭುಜ ತಳ್ಳಿದಳು. "ಹಾರೋ! ನೋಡ್ತಾ ನಿಂತಿದೀಯಲ್ಲ! ಕೈ ಕಟ್ಟಿದ್ರೂ ಈಜಿ ಬಂದೋನು ನೀನು!"

ನಿಜ ಹೇಳುತ್ತೇನೆ, ಅವತ್ತಿಡೀ ದಿನದಲ್ಲಿ ನನಗೆ ಅತಿ ಹೆಚ್ಚು ಭಯವಾದದ್ದು ಆ ಮಾತಿಗೆ. ಪಿಸ್ತೂಲಿಗಲ್ಲ.

"ಹಾರಿದ್ರೆ ಅವನು ನನ್ನನ್ನೂ ಎಳೀತಾನೆ ಅಕ್ಕಾ," ಎಂದೆ ಬಹಳ ತಿಳಿದವನ ಹಾಗೆ. "ಇದಕ್ಕೊಂದು ವಿಧಾನ ಇದೆ."

ಹಗ್ಗದ ತುದಿಗೆ ಹಿಡಿಕೆ ಕಟ್ಟಿದೆ. ಸೇತುವೆಗೆ ಓಡಿ, ಕಂಬಿಗೆ ಸುತ್ತು ಹಾಕಿ ಬೀಸಿದೆ. ಒಂದನೆಯದು ತಪ್ಪಿತು. ಎರಡನೆಯದು ಅವನ ಭುಜಕ್ಕೆ ಬಡಿಯಿತು... ಬೇಕೆಂದೇ ಅಲ್ಲ, ಹೆಚ್ಚುಕಡಿಮೆ. ಹಿಡಿದುಕೊಂಡ. ಡ್ರೈವರ್ ಕೂಡ ಬಂದು ಎಳೆದ. ಓಡಿಹೋಗಲು ಅವನಿಗೆ ದಾರಿಯೂ ಇರಲಿಲ್ಲ, ಏರಿಯ ಮೇಲೆ ಬರಿಗಾಲಲ್ಲಿ ಓಡಿಬರುತ್ತಿದ್ದ ಕಾರ್ಯದರ್ಶಿಗಳ ಹಿಂದೆ ಪೊಲೀಸ್ ಜೀಪಿತ್ತು. ಕರೆಸಿದ್ದು ಅವರೇ. ಈ ಸಲ ಸರಿಯಾದ ನಂಬರಿಗೆ ಫೋನ್ ಮಾಡಿದ್ದರು.

ಹಸಿರು ಜಾಕೆಟ್ಟು ಸೇತುವೆಯ ಮೇಲೆ ಬೋರಲು ಬಿದ್ದು ನೀರು ಕಕ್ಕಿತು.

"ಬೆಳಿಗ್ಗೆ... ನೀರೇ ಸಾಲಲಿಲ್ಲ ಅಂದ್ಯಲ್ಲ... ಅಷ್ಟೇ ಇತ್ತಲ್ಲ..."

ನಾನು ಬೋರ್ಡಿನ ಕಡೆ ಕೈ ತೋರಿಸಿದೆ. 'ಆಳ ಎರಡು ಮೀಟರ್.' ಮೂರು ವಾರದ ಮೇಲೆ ಅದು 'ಇನ್ನೇನು, ನಿಜ ಹೇಳಿಬಿಡುತ್ತೇನೆ' ಎನ್ನುವ ಹಾಗಿತ್ತು.

* * *

ಮರುದಿನ ಒಂಬತ್ತು ಗಂಟೆಗೆ ಆಯೋಗದವರು ದೋಣಿಯಲ್ಲಿ ಹೋದರು. ನಡೆದುಕೊಂಡು ಹೋಗಲು ಸಾಧ್ಯವಿರಲಿಲ್ಲ. ನಾನೂರ ಹನ್ನೊಂದು ಗೂಡು. ಒಂದು ಗೂಡಿನಲ್ಲಿ ಮರಿಗಳು ಸತ್ತಿದ್ದವು. ಯಾಕೆಂದು ಯಾರಿಗೂ ಗೊತ್ತಿಲ್ಲ. ಅಕ್ಕ ಅದನ್ನೂ ಬರೆದುಕೊಂಡಳು.

ಕಾರ್ಯದರ್ಶಿಗಳು ಆಯೋಗದ ಮುಂದೆ ಎಲ್ಲವನ್ನೂ ತಾವೇ ಹೇಳಿದರು. ಜೀಪು ಹತ್ತುವ ಮೊದಲು ಮೂರು ಮೂಲೆಯ ಕೀಲಿಯನ್ನು ಅಕ್ಕನಿಗೆ ಕೊಟ್ಟರು. ಅಕ್ಕ ಅವರ ಫ್ಲಾಸ್ಕು ವಾಪಸು ಕೊಟ್ಟಳು.

ಜೀಪು ಹೊರಟ ಮೇಲೆ ಒಂದು ಕರಿ ಕಾರು ಏರಿಯ ಮೇಲೆ ಬಂತು. ಕಂಪನಿಯ ವಕೀಲ. ಇಳಿಯಲಿಲ್ಲ. ಗಾಜು ಇಳಿಸಿದ.

"ನಿಮ್ಮ ಕಾರ್ಯದರ್ಶಿ ಜೊತೆ ನಮ್ಮದು ಒಂದು ಮಾತಿತ್ತು," ಎಂದ. "ಮಾತು ಮುರಿದದ್ದು ನಾವಲ್ಲ. ಉಳಿದ ಮೂರು ಕಡೆ ಸಿಗೋಣ."

ಗಾಜು ಏರಿತು. ಕಾರು ಹೋಯಿತು.

ಕಲ್ಲುಕಟ್ಟೆ ಮುಳುಗಿತ್ತು. ಕೊಕ್ಕರೆಗಳು ಮಂಡಿಯವರೆಗೆ ನೀರಿನಲ್ಲಿ ನಿಂತಿದ್ದವು. ಒಂದು ನಂಬರೂ ಕಾಣುತ್ತಿರಲಿಲ್ಲ. ಅಕ್ಕ ಅದನ್ನೇ ನೋಡುತ್ತಾ ಕೂತಿದ್ದಳು. ತೊಂಬತ್ತಾರು ನಂಬರು ಸಿಕ್ಕಿದ ವಾರದಲ್ಲಿ ಅವಳ ಮುಖ ಇಷ್ಟು ಶಾಂತವಾಗಿರಲಿಲ್ಲ.

"ಮೂರು ಜೌಗು," ಎಂದಳು. "ಮೂರು ಅಳತೆಯ ಹಲಗೆ. ಇವತ್ತೇ ಹೊರಡು."

"ನೋಡ್ಕೊಂಡು ಬರ್ತೀನಿ ಅಕ್ಕಾ."

"ಹಲಗೆ ನೋಡ್ಬೇಡ. ಇನ್ಮೇಲೆ ನಾನು ಯಾವ ಹಲಗೆನೂ ನಂಬಲ್ಲ. ನೀನೇ ನಡುನೀರಿಗೆ ಇಳಿದು, ಮುಳುಗಿ, ಆಳ ಎಷ್ಟಿದೆ ಅಂತ ನೋಡ್ಕೊಂಡು ಬಾ. ಹೇಗೂ ಚೆನ್ನಾಗಿ ಈಜ್ತೀಯ."

"ಹೂಂ," ಎಂದೆ.

ಒಂದು ಜೌಗು ಮುಗಿಸಿದ್ದೇನೆ. ಇನ್ನೆರಡು ಬಾಕಿ ಇದೆ, ಅಕ್ಕನಿಗೆ ಇನ್ನೂ ನಿಜ ಹೇಳಿಲ್ಲ.